ನಾನಾಡದ ಮಾತು

ಮೊದಲೇ ಹೇಳಿಬಿಡುತ್ತೇನೆ, ದೇವರು ಮೈಮೇಲೆ ಬರುವುದನ್ನು ನಾನು ನಂಬಿದವಳಲ್ಲ. ಹಾಗೆಂದು ನಂಬುವವರನ್ನು ಕಂಡು ನಕ್ಕವಳೂ ಅಲ್ಲ. ನನ್ನ ಕೆಲಸ ಅದಕ್ಕೆ ಬಿಡುತ್ತಿರಲಿಲ್ಲ. ಮನಸ್ಸು ಕೆಟ್ಟವರನ್ನು ಕೂರಿಸಿಕೊಂಡು ಮಾತಾಡಿಸುವುದು ನನ್ನ ವೃತ್ತಿ. ಚನ್ನಪಟ್ಟಣದ ಒಂದು ಆಸ್ಪತ್ರೆಯಲ್ಲಿ, ಮಾತ್ರೆ ಕೊಡುವ ಕಿಟಕಿಯ ಪಕ್ಕದ ಕೋಣೆ ನನ್ನದು. ಬಾಗಿಲ ಮೇಲೆ ‘ಆಪ್ತ ಸಮಾಲೋಚಕಿ’ ಎಂಬ ಫಲಕವಿದೆ. ಅದನ್ನು ಯಾರೂ ಓದುವುದಿಲ್ಲ. ಸುತ್ತಲ ಹಳ್ಳಿಯವರಿಗೆ ನಾನು ‘ಮಾತಾಡ್ಸೋ ಡಾಕ್ಟ್ರಮ್ಮ’. ಮೈಮೇಲೆ ಬರುವುದಕ್ಕೆ ನಾವು ಓದಿದ ಪುಸ್ತಕಗಳಲ್ಲಿ ಒಂದು ಹೆಸರಿದೆ, ಕಾರಣಗಳೂ ಇವೆ. ಕಾರಣ ಗೊತ್ತಿದ್ದ ಮೇಲೆ ನಂಬುವ ಬಿಡುವ ಪ್ರಶ್ನೆ ಎಲ್ಲಿಯದು ಎಂದುಕೊಂಡಿದ್ದೆ. ಆ ಕಾರಣಗಳು ಸಾಲದೆ ಹೋದ ಒಂದು ಮಂಗಳವಾರದ ವಿಷಯ ಇದು. ನಾಲ್ಕು ವರ್ಷವಾಯಿತು. ಪೂರ್ತಿಯಾಗಿ ಯಾರಿಗೂ ಹೇಳಿಲ್ಲ.

ಶುಕ್ರವಾರಗಳಂದು ರಾಮನಗರದಿಂದ ಬರುತ್ತಿದ್ದ ನಮ್ಮ ಹಿರಿಯ ಡಾಕ್ಟರರದು ಬೇರೆಯೇ ದಾರಿ. ರೋಗಿಗಳ ಪೂಜೆ, ಹರಕೆ, ನಮಾಜು, ಉಪವಾಸ ಎಲ್ಲವನ್ನೂ ಚಿಕಿತ್ಸೆಯೊಳಗೆ ಸೇರಿಸಿಕೊಳ್ಳಬೇಕು ಎನ್ನುವವರು ಅವರು. “ದೇವರ ಹತ್ರ ಹೋಗ್ಬೇಡಿ ಅಂತ ಮಾತ್ರ ಹೇಳ್ಬೇಡಿ. ಹೋಗೋರು ಹೋಗೇ ಹೋಗ್ತಾರೆ, ನಮ್ಮ ಹತ್ರ ಸುಳ್ಳು ಹೇಳ್ತಾರೆ ಅಷ್ಟೆ. ಅದೂ ನಡೀಲಿ, ಮಾತ್ರೇನೂ ನಡೀಲಿ,” ಎನ್ನುತ್ತಿದ್ದರು. ನಾನು ತಲೆಯಾಡಿಸಿ ಅವರು ಹೇಳಿದಂತೆ ಮಾಡುತ್ತಿದ್ದೆ. ಎದೆ ಡವಗುಟ್ಟುತ್ತದೆ ಎಂದು ಬರುತ್ತಿದ್ದ ಒಬ್ಬ ಮೇಷ್ಟರಿಗೆ ಜಪಮಣಿ ಹಿಡಿದೇ ಉಸಿರು ಎಣಿಸಲು ಕಲಿಸಿದ್ದೆ. ಹಾಸಿಗೆ ಬಿಟ್ಟೇಳದ ಒಬ್ಬ ಹೆಂಗಸಿಗೆ ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕುವುದನ್ನೇ ಮೊದಲ ಕೆಲಸವಾಗಿ ಬರೆದುಕೊಟ್ಟಿದ್ದೆ. ಉಪಯೋಗವಾಗುತ್ತಿತ್ತು. ಆದರೆ ನನಗೆ ಅದೆಲ್ಲ ಕಹಿ ಮಾತ್ರೆಯನ್ನು ಬೆಲ್ಲದಲ್ಲಿಟ್ಟು ನುಂಗಿಸಿದ ಹಾಗೆ. ಬೆಲ್ಲಕ್ಕೂ ಕಾಯಿಲೆಗೂ ಸಂಬಂಧವಿಲ್ಲ ಎಂದೇ ತಿಳಿದಿದ್ದೆ.

ನನ್ನ ಆಗಿನ ಸ್ಥಿತಿಯನ್ನೂ ಒಂದಿಷ್ಟು ಹೇಳಬೇಕು. ನಾನು ಹಾವೇರಿ ಕಡೆಯವಳು. ಅದರ ಹಿಂದಿನ ವರ್ಷ ನನ್ನ ತಾಯಿ ತೀರಿಕೊಂಡಿದ್ದರು. ಹೃದಯಾಘಾತ, ಒಂದೇ ಸಂಜೆಯಲ್ಲಿ ಮುಗಿಯಿತು. ಊರಿಗೆ ಹೋದೆ, ನೆಂಟರಿಗೆ ಚಹಾ ಕೊಟ್ಟೆ, ತಿಥಿ ಕಾರ್ಯ ಮುಗಿಸಿಕೊಂಡು ಬಂದು ಮಾರನೆಯ ದಿನವೇ ಕೆಲಸಕ್ಕೆ ಹಾಜರಾದೆ. ಅಳಲಿಲ್ಲ. ಅಳು ತಡೆದುಕೊಂಡೆ ಎಂದಲ್ಲ, ತಡೆಯುವುದಕ್ಕೆ ಏನೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ತುಟಿ ಮುಟ್ಟಿದಂತೆ, ಹಾಗೆ ಇದ್ದೆ. ಊಟ, ನಿದ್ದೆ, ಕೆಲಸ ಎಲ್ಲ ಸರಿಯಾಗಿಯೇ ನಡೆದಿತ್ತು. ಬೇರೆಯವರಲ್ಲಿ ಇದನ್ನು ಕಂಡಿದ್ದರೆ ಗುರುತಿಸುತ್ತಿದ್ದೆ. ನನ್ನಲ್ಲಿ ಗುರುತಿಸಲಿಲ್ಲ.

ಆ ಸಮಯದಲ್ಲೇ ಪುಟ್ಟಲಕ್ಷ್ಮಮ್ಮ ಬಂದದ್ದು. ವಿರೂಪಾಕ್ಷಿಪುರದಿಂದ ಇನ್ನೂ ಒಳಗಿನ ಒಂದು ಹಳ್ಳಿಯವರು. ರಾಗಿ, ಹಿಪ್ಪುನೇರಳೆ, ಒಂದಷ್ಟು ಕುರಿ. ವಯಸ್ಸು ನಲವತ್ತೈದಿರಬಹುದು. ಗಂಡ ಚಿಕ್ಕಣ್ಣ ತೋಳು ಹಿಡಿದು ಕರೆತಂದು, ಕುರ್ಚಿಯ ಮೇಲೆ ಕೂರಿಸಿ, ತಾನು ಗೋಡೆಗೊರಗಿ ನಿಂತರು. ಏಳು ತಿಂಗಳ ಹಿಂದೆ ಅವರ ಮಗಳು ರೂಪ ಸತ್ತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದ ವ್ಯಾನಿಗೆ ಟಿಪ್ಪರ್ ಲಾರಿ ಗುದ್ದಿತ್ತು.

“ಮಗ್ಳು ಹೋದಾಗ್ಲಿಂದ ಒಂದ್ ತೊಟ್ಟು ಕಣ್ಣೀರ್ ಹಾಕಿಲ್ಲ ಮೇಡಂ,” ಎಂದರು ಚಿಕ್ಕಣ್ಣ. “ಉಣ್ಣು ಅಂದ್ರೆ ಉಣ್ತಾಳೆ, ಅನ್ನದೆ ಇದ್ರೆ ಹಂಗೇ ಕೂತಿರ್ತಾಳೆ. ಮೊನ್ನೆ ಬಿಸಿ ಪಾತ್ರೆ ಬರಿಗೈಲಿ ಇಳಿಸ್ಬುಟ್ಳು. ಅಂಗೈ ಬೊಬ್ಬೆ ಬಂದೈತೆ, ಇವ್ಳಿಗೆ ಗೊತ್ತೇ ಇಲ್ಲ.”

ಪುಟ್ಟಲಕ್ಷ್ಮಮ್ಮನ ಅಂಗೈ ನೋಡಿದೆ. ನೋಯುತ್ತದೆಯೇ ಎಂದು ಕೇಳಿದೆ.

“ಏನೂ ಅನ್ಸಕಿಲ್ಲ ಕಣವ್ವ,” ಎಂದರು.

ಆರು ವಾರ ಬಂದರು. ಹಿರಿಯ ಡಾಕ್ಟರರು ಕೊಟ್ಟ ಮಾತ್ರೆ ತಪ್ಪದೆ ತೆಗೆದುಕೊಂಡರು. ನಿದ್ದೆ ಒಸಿ ಬಂತು ಎಂದರು, ಅಷ್ಟೆ. ನಾನು ಮಗಳ ವಿಷಯ ಕೇಳುತ್ತಿದ್ದೆ, ಅವರು ಉತ್ತರ ಕೊಡುತ್ತಿದ್ದರು. ರೂಪಳಿಗೆ ಏನು ಇಷ್ಟ, ಎಷ್ಟು ಓದಿದ್ದಳು, ಯಾವ ಬಣ್ಣದ ಬಟ್ಟೆ ಹಾಕುತ್ತಿದ್ದಳು ಎಲ್ಲ ಹೇಳಿದರು, ಪಡಿತರ ಚೀಟಿಯಲ್ಲಿದ್ದದ್ದನ್ನು ಓದಿ ಹೇಳುವ ದನಿಯಲ್ಲಿ. ಕೊನೆಯ ದಿನದ ವಿಷಯಕ್ಕೆ ಬಂದರೆ, “ಹೊತ್ತಾರೆ ಹೋದ್ಳು,” ಎಂದು ನಿಲ್ಲಿಸಿಬಿಡುತ್ತಿದ್ದರು. ಆಮೇಲೆ ನಾವಿಬ್ಬರೂ ಸುಮ್ಮನೆ ಕೂರುತ್ತಿದ್ದೆವು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆ ವಾರಗಳಲ್ಲಿ ನನಗೆ ಅತ್ಯಂತ ಹಗುರವಾಗಿದ್ದದ್ದು ಪುಟ್ಟಲಕ್ಷ್ಮಮ್ಮನ ಜೊತೆಗಿನ ಆ ಒಂದು ಗಂಟೆಯೇ. ಅಲ್ಲಿ ಮರುಗಿದಂತೆ ಮುಖ ಮಾಡಿಕೊಳ್ಳಬೇಕಾಗಿರಲಿಲ್ಲ.

ಏಳನೆಯ ವಾರ ಚಿಕ್ಕಣ್ಣ ಹೆಂಡತಿಯನ್ನು ಹೊರಗೆ ಕೂರಿಸಿ ಒಬ್ಬರೇ ಒಳಗೆ ಬಂದರು. ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಂಡುತ್ತಾ ಹೇಳಿದರು: “ನಮ್ ಮನೆದೇವ್ರ ತಾವ ಒಂದ್ ಕಿತ ಹೂ ಕೇಳುವಾ ಅಂತ ಅವ್ನಿ. ನೀವು ಬ್ಯಾಡ ಅಂದ್ರೆ ಬುಟ್ಬುಡ್ತೀನಿ.”

ಹೂ ಕೇಳುವುದು ಎಂದರೆ ಈ ಕಡೆಯವರಿಗೆಲ್ಲ ಗೊತ್ತು. ಒದ್ದೆ ಹೂವನ್ನು ದೇವರ ಎಡಕ್ಕೂ ಬಲಕ್ಕೂ ಅಂಟಿಸಿ, ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡು ಕಾಯುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಆಗುತ್ತದೆ ಎಂದು, ಎಡಗಡೆಯದು ಬಿದ್ದರೆ ಇಲ್ಲವೆಂದು. ಹಿರಿಯ ಡಾಕ್ಟರರನ್ನು ಕೇಳಿದೆ. “ಧಾರಾಳವಾಗಿ ಹೋಗ್ಲಿ. ನೀವೂ ಜೊತೆಗೆ ಹೋಗಿ ಕೂತ್ಕೊಂಡು ನೋಡಿ. ಏನೂ ಮಾಡ್ಬೇಡಿ,” ಎಂದರು. ಪುಟ್ಟಲಕ್ಷ್ಮಮ್ಮನನ್ನೂ ಕೇಳಿದೆ. ನೀವು ಬಂದರೆ ಬರುತ್ತೇನೆ ಎಂದರು.

ಅವರ ದೇವರು ಇದ್ದದ್ದು ಮಾಗಡಿ ಕಡೆ, ಸಾವನದುರ್ಗದ ತಪ್ಪಲಲ್ಲಿ ಒಂದು ಅಮ್ಮನ ಗುಡಿ. ಮಂಗಳವಾರ ಬೆಳಿಗ್ಗೆ ಪರಿಚಯದವರ ವ್ಯಾನು ಬಂದಿತ್ತು. ಮಗಳು ಸತ್ತದ್ದು ಅಂಥದೇ ವ್ಯಾನಿನಲ್ಲಿ. ಪುಟ್ಟಲಕ್ಷ್ಮಮ್ಮ ಸೀರೆಯ ನೆರಿಗೆ ಎತ್ತಿಕೊಂಡು ಹತ್ತಿ ಕಿಟಕಿಯ ಪಕ್ಕ ಕೂತರು. ಹಿಂಜರಿಯಲಿಲ್ಲ, ನಡುಗಲಿಲ್ಲ. ಮಾರನೆಯ ದಿನ ಬರೆದುಕೊಳ್ಳೋಣವೆಂದು ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಕೆಂಗಲ್ ಬಂದಾಗ ಚಿಕ್ಕಣ್ಣ ಆಂಜನೇಯನಿಗೆ ಕೈಮುಗಿದರು, ಡ್ರೈವರು ಸ್ಟೀರಿಂಗ್ ಮುಟ್ಟಿ ಎದೆ ಮುಟ್ಟಿಕೊಂಡ. ಹಿಂದಿನ ಸೀಟಿನಲ್ಲಿ ನಾವಿಬ್ಬರು ಹೆಂಗಸರು ಕೈ ಎತ್ತಲಿಲ್ಲ.

ಗುಡಿ ಚಿಕ್ಕದು. ಒಂದು ಬಂಡೆಗೆ ಒತ್ತಿಕೊಂಡಂತೆ ಮೂರು ಗೋಡೆ, ಮುಂದೆ ಸಿಮೆಂಟು ಶೀಟಿನ ಚಪ್ಪರ. ಬೆಟ್ಟ ನೋಡಲು ಬರುವವರು ಆ ಕಡೆ ಬರುವುದಿಲ್ಲ. ಪೂಜಾರಿ ಎಪ್ಪತ್ತು ದಾಟಿದ ಮುದುಕ. ಅಂಗಿಯ ಜೇಬಿನಲ್ಲಿ ಮೊಬೈಲು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ನಾನು ಯಾರೆಂದು ಕೇಳಿ ತಿಳಿದುಕೊಂಡು, “ಒಳ್ಳೇದಾಯ್ತು ಕೂತ್ಕಳವ್ವ,” ಎಂದು ಚಾಪೆ ತೋರಿಸಿದರು. ಮೈಮೇಲೆ ದೇವರು ಬರುವ ಗುಡಿಯಲ್ಲ ಅದು. ಅದನ್ನು ಮೊದಲೇ ವಿಚಾರಿಸಿಕೊಂಡಿದ್ದೆ. ಅಂಥ ಕಡೆ ನನ್ನ ರೋಗಿಯನ್ನು ಕರೆದೊಯ್ಯಲು ಒಪ್ಪುತ್ತಿರಲಿಲ್ಲ.

ಪೂಜಾರಿ ಎರಡು ಕೆಂಪು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಒತ್ತಿದರು. ಏನು ಕೇಳಬೇಕು ಎಂದಾಗ ಚಿಕ್ಕಣ್ಣ ಮುಂದೆ ಬಂದು, “ನಮ್ ಮಗ್ಳು ನೆಮ್ಮದಿಯಾಗವ್ಳಾ, ಅಷ್ಟ್ ಹೇಳ್ಬುಡು ತಾಯಿ,” ಎಂದರು. ಆಮೇಲೆ ಎಲ್ಲರೂ ಕೂತೆವು. ನನ್ನ ಎಡಕ್ಕೆ ಪುಟ್ಟಲಕ್ಷ್ಮಮ್ಮ, ಅವರ ಮೊಣಕೈ ನನಗೆ ತಾಗುತ್ತಿತ್ತು. ಹೂ ಬೀಳಲಿಲ್ಲ. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. “ಕೊಡ್ತಾಳೆ ಕಣಪ್ಪ, ಆತ್ರ ಬ್ಯಾಡ,” ಎಂದರು ಪೂಜಾರಿ. ನಾನು ಲೆಕ್ಕ ಹಾಕುತ್ತಿದ್ದೆ. ನೀರು ಆರಬೇಕು, ತೊಟ್ಟಿನ ಭಾರ ಯಾವ ಕಡೆ ಹೆಚ್ಚೋ ಅದು ಮೊದಲು ಜಾರುತ್ತದೆ, ದೀಪ ಬಲಗಡೆ ಇರುವುದರಿಂದ ಬಹುಶಃ ಬಲಗಡೆಯದೇ ಬೀಳುತ್ತದೆ, ಇವರಿಗೂ ಸಮಾಧಾನವಾಗುತ್ತದೆ. ಗಡಿಯಾರ ನೋಡಿಕೊಂಡೆ. ಹನ್ನೆರಡು ಗಂಟೆ ಹತ್ತು ನಿಮಿಷ. ಬೆರಳ ತುದಿಗಳು ತಣ್ಣಗಾದವು. ಬಿಸಿಲಿನ ಹೊತ್ತಿನಲ್ಲಿ ಇದೇಕೆ ಎಂದುಕೊಂಡದ್ದು ನೆನಪಿದೆ.

ಅದಾದ ಮೇಲೆ ನೆನಪಿರುವುದು, ಕುತ್ತಿಗೆಯಿಂದ ಎದೆಗೆ ನೀರು ಇಳಿಯುತ್ತಿತ್ತು. ನಾನು ಗೋಡೆಗೊರಗಿ ಕೂತಿದ್ದೆ. ಪುಟ್ಟಲಕ್ಷ್ಮಮ್ಮ ನನ್ನ ತೊಡೆಯ ಮೇಲೆ ಮುಖವಿಟ್ಟು ಅಳುತ್ತಿದ್ದರು. ಅಂಥ ಅಳುವನ್ನು ನನ್ನ ಕೋಣೆಯಲ್ಲಿ ಎಂದೂ ಕೇಳಿಲ್ಲ. ಕುರಿ ಕೂಗಿದ ಹಾಗೆ, ಉಸಿರು ಮುಗಿಯುವವರೆಗೆ ಕೂಗಿ, ಮತ್ತೆ ಉಸಿರೆಳೆದುಕೊಂಡು ಕೂಗುತ್ತಿದ್ದರು. ಪೂಜಾರಿ ತಂಬಿಗೆ ಹಿಡಿದು ನಿಂತಿದ್ದರು. ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಅಮ್ಮನ ಭುಜದ ಮೇಲೆ ಒಂದು ಹೂವೂ ಇರಲಿಲ್ಲ.

ಯಾವ ಕಡೆಯದು ಮೊದಲು ಬಿತ್ತು ಎಂದು ಕೇಳಿದೆ. ನನ್ನ ಬಾಯಿಂದ ಬಂದ ಮೊದಲ ಪ್ರಶ್ನೆ ಅದೇ. ಪೂಜಾರಿ ದೇವರ ಕಡೆ ತಿರುಗಿ ನೋಡಿ, “ಯಾರೂ ನೋಡ್ನಿಲ್ಲ ಕಣವ್ವ,” ಎಂದರು.

ಏನಾಯಿತೆಂದು ಹೇಳಿದ್ದು ಚಿಕ್ಕಣ್ಣ, ವಾಪಸು ಬರುವಾಗ, ರಾಮನಗರ ಹತ್ತಿರವಾದ ಮೇಲೆ. ಅಲ್ಲಿಯವರೆಗೆ ನನ್ನ ಮುಖ ನೋಡಲು ಅವರಿಗೆ ಭಯವಿತ್ತೆಂದು ಕಾಣುತ್ತದೆ. ನಾನು ಕೂತಲ್ಲೇ ಒಂದು ಸಲ ಜೋರಾಗಿ ಉಸಿರೆಳೆದುಕೊಂಡೆನಂತೆ. ಕಣ್ಣು ತೆರೆದೇ ಇತ್ತಂತೆ. ಪುಟ್ಟಲಕ್ಷ್ಮಮ್ಮನ ಕಡೆ ತಿರುಗಿ, ಅವರ ಗಲ್ಲ ಹಿಡಿದು ಮಾತಾಡಿದೆನಂತೆ.

“ದನಿ ನಿಮ್ದೇ ಮೇಡಂ. ಮಾತು ಮಾತ್ರ ನಮ್ದು,” ಎಂದರು. “‘ಅವ್ವಾ, ನಂಗೆ ಕೇಳಿಸ್ನಿಲ್ಲ ಕಣವ್ವ. ವ್ಯಾನ್ ಸದ್ದಲ್ಲಿ ಏನೂ ಕೇಳಿಸ್ನಿಲ್ಲ’ ಅಂದ್ರಿ. ಮೂರ್ ಕಿತ ಅಂದ್ರಿ. ಏನ್ ಕೇಳಿಸ್ನಿಲ್ಲ, ಯಾಕ್ ಹಂಗಂದ್ರಿ, ನಂಗೂ ತಿಳೀನಿಲ್ಲ. ಇವ್ಳು ಕಿರುಚ್ಕಂಡು ನಿಮ್ ಮ್ಯಾಲೆ ಬಿದ್ಬುಟ್ಳು.”

ಪುಟ್ಟಲಕ್ಷ್ಮಮ್ಮ ಆಗ ನನ್ನ ಪಕ್ಕದಲ್ಲಿ ನಿದ್ದೆ ಹೋಗಿದ್ದರು, ಬಾಯಿ ತೆರೆದುಕೊಂಡು, ಜ್ವರ ಬಿಟ್ಟ ಮಕ್ಕಳ ಹಾಗೆ.

ಶುಕ್ರವಾರ ಅವರು ಒಬ್ಬರೇ ಬಸ್ಸು ಹತ್ತಿ ಬಂದರು. ಕುರ್ಚಿಯಲ್ಲಿ ಕೂತ ಕೂಡಲೆ, ನಾನು ಕೇಳುವ ಮೊದಲೇ ಹೇಳತೊಡಗಿದರು. ಆ ಬೆಳಿಗ್ಗೆ ತಾಯಿ ಮಗಳಿಗೆ ಜಗಳವಾಗಿತ್ತು. ನೋಡಲು ಬರಲಿದ್ದ ಗಂಡಿನ ವಿಷಯ. ಹುಡುಗಿ ಊಟದ ಡಬ್ಬಿ ಮುಟ್ಟದೆ ಹೊರಟಳು. ವ್ಯಾನು ಬೀದಿಯಲ್ಲಿ ಗುರುಗುಟ್ಟುತ್ತಾ ನಿಂತಿತ್ತು. ತಾಯಿ ಬಾಗಿಲಲ್ಲಿ ನಿಂತು, “ಹೋಗು, ಹಂಗೇ ಹೊಂಟೋಗು, ತಿರ್ಗಾ ಈ ಮನೆ ಬಾಗ್ಲಿಗೆ ಬರ್ಬ್ಯಾಡ,” ಎಂದು ಕೂಗಿದ್ದರು. ರೂಪ ತಿರುಗಿ ನೋಡದೆ ವ್ಯಾನು ಹತ್ತಿದ್ದಳು. ಗಂಡನೂ ಅಷ್ಟು ಹೊತ್ತಿಗೆ ಕುರಿ ಹೊಡೆದುಕೊಂಡು ಹೋಗಿದ್ದರು. ಈ ಮಾತು ಭೂಮಿಯ ಮೇಲೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

“ಕೇಳಿಸ್ತೋ ಇಲ್ವೋ, ಕೇಳಿಸ್ತೋ ಇಲ್ವೋ ಅಂತ ಅಷ್ಟೇ ಕಣವ್ವ ಇಷ್ಟ್ ದಿನ,” ಎಂದರು. ಮತ್ತೆ ಅತ್ತರು. ಈ ಸಲ ಸಾಧಾರಣವಾದ ಅಳು. ಮೂಗೊರೆಸಿಕೊಂಡು, ನಿನ್ನೆ ಅಂಗೈ ಮತ್ತೆ ಸುಟ್ಟುಕೊಂಡೆ, ಉರಿಯುತ್ತದೆ, ಮುಲಾಮು ಬರೆದುಕೊಡಿ ಎಂದರು.

ಅವರು ಸುಧಾರಿಸಿದರು. ಮಗಳನ್ನು ಕಳೆದುಕೊಂಡ ತಾಯಿ ಎಷ್ಟು ಸುಧಾರಿಸಬಹುದೋ ಅಷ್ಟು. ಮಾತ್ರೆ ಕಡಿಮೆಯಾಯಿತು, ಆಮೇಲೆ ನಿಂತಿತು.

ನಾನು ಹಿರಿಯ ಡಾಕ್ಟರರಿಗೆ ಹೇಳಿದೆ, ಮಾತುಗಳನ್ನು ಬಿಟ್ಟು. ಕೂತಲ್ಲಿ ಪ್ರಜ್ಞೆ ತಪ್ಪಿತು, ಏನೋ ಮಾತಾಡಿದೆನಂತೆ ಎಂದಷ್ಟೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. “ಇಷ್ಟು ಹತ್ತಿರ ಹೋಗಿ ಅಂತ ನಾನು ಹೇಳಿರಲಿಲ್ಲ,” ಎಂದರು. ಬೆಂಗಳೂರಿಗೆ ಕಳಿಸಿ ತಲೆಗೆ ತಂತಿ ಅಂಟಿಸುವ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ರೋಗಿಯ ಫೈಲಿನಲ್ಲಿ ನಾನು ಬರೆದದ್ದು ಒಂದೇ ಸಾಲು: ದೇವಸ್ಥಾನ ಭೇಟಿಯ ನಂತರ ರೋಗಿ ಅತ್ತರು.

ನಾನೂ ಕಾರಣ ಹುಡುಕದೆ ಇರಲಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಶೀಟಿನ ಕೆಳಗೆ ಧಗೆ ಇತ್ತು. ತಿಂಗಳುಗಟ್ಟಲೆ ಒಳಗೆ ಅದುಮಿಟ್ಟದ್ದು ಹೀಗೆ ಹೊರಬರುತ್ತದೆ, ಓದಿದ್ದೇನೆ. ಆರು ವಾರ ಪುಟ್ಟಲಕ್ಷ್ಮಮ್ಮನ ಎದುರು ಕೂತು, “ಹೊತ್ತಾರೆ ಹೋದ್ಳು” ಎಂದು ಅವರು ನಿಲ್ಲಿಸುವಾಗಲೆಲ್ಲ, ಅಲ್ಲೇನೋ ಇದೆಯೆಂದು ನನ್ನ ಮನಸ್ಸು ಊಹಿಸಿರಬಹುದು. ಬೈದು ಕಳಿಸಿದ ತಾಯಿಯರನ್ನು ಬೇರೆಯವರನ್ನೂ ಕಂಡಿದ್ದೇನಲ್ಲ. ನಮ್ಮ ಕಡೆ ಯಾರೂ ‘ಕೇಳಿಸ್ನಿಲ್ಲ ಕಣವ್ವ’ ಎನ್ನುವುದಿಲ್ಲ, ಆದರೆ ಅಷ್ಟು ವರ್ಷ ಈ ಮಾತು ಕಿವಿಗೆ ಬಿದ್ದಿತ್ತು. ಹೀಗೆ ಒಂದೊಂದನ್ನೇ ಜೋಡಿಸಿದರೆ ಒಂದು ಕಾರಣ ನಿಲ್ಲುತ್ತದೆ. ಅದನ್ನು ಹಿಡಿದುಕೊಂಡು ಮೂರು ವರ್ಷ ಕಳೆದೆ.

ಹೋದ ವರ್ಷ ಧನುರ್ಮಾಸದಲ್ಲಿ ಪುಟ್ಟಲಕ್ಷ್ಮಮ್ಮ ಮತ್ತೆ ಬಂದರು. ಕಾಯಿಲೆಯೇನೂ ಇರಲಿಲ್ಲ. ಒಂದು ಚೀಲ ಅವರೆಕಾಯಿ ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಅದು ಇದು ಮಾತಾಡಿ, ಆಮೇಲೆ ದನಿ ತಗ್ಗಿಸಿದರು.

“ಇನ್ನೊಂದ್ ಕಿತ ಬತ್ತೀರಾ ಗುಡಿ ತಾವ? ಒಂದ್ ಮಾತು ಕೇಳೋದೈತೆ ರೂಪನ್ನ.”

ಅದು ನನ್ನ ಕೈಯಲ್ಲಿಲ್ಲ ಎಂದೆ. ಅವತ್ತು ಏನಾಯಿತೆಂದು ನನಗೇ ತಿಳಿಯದು, ಬಂದು ಕೂತರೂ ಬರೀ ನಾನಷ್ಟೇ ಕೂತಿರುತ್ತೇನೆ, ನಿಮಗೆ ಆಸೆ ಹುಟ್ಟಿಸುವುದು ತಪ್ಪಾಗುತ್ತದೆ ಎಂದೆ. ಇಷ್ಟನ್ನು ಹೇಳುವಾಗ ನನ್ನ ದನಿ ಸರಿಯಾಗಿಯೇ ಇತ್ತು. ಅವರು ತಲೆಯಾಡಿಸಿದರು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

“ಹೋಗ್ಲಿ ಬುಡಿ. ಒಂದ್ ಕಿತ ಸಿಕ್ತಲ್ಲ,” ಎಂದರು. ಎದ್ದವರು ಹಾಗೇ ನಿಂತರು. “ಅವತ್ತು ನೀವು ಇನ್ನೊಂದ್ ಮಾತೂ ಅಂದ್ರಿ. ನಾನು ನಿಮ್ ಮಡ್ಲಲ್ಲಿ ಬಿದ್ದಿದ್ನಲ್ಲ, ಆಗ, ಮೆಲ್ಲಕೆ. ನಂಗೊಬ್ಳಿಗೇ ಕೇಳಿಸ್ತು. ಅದು ನಮ್ ರೂಪಂದಲ್ಲ. ಅದ್ಕೇ ಯಾರ್ಗೂ ಹೇಳ್ನಿಲ್ಲ.”

ಏನಂದೆ ಎಂದು ಕೇಳಿದೆ.

“‘ಎರಡ್ ಸಲ ಹಚ್ಚಿದ್ದೆ, ಇರ್ಲಿ ಬಿಡವಾ’ ಅಂದ್ರಿ. ಏನ್ ಹಚ್ಚಿದ್ರೋ, ದೀಪಾನೋ ಏನೋ. ನಂಗೆ ಗೊತ್ತಾಗ್ನಿಲ್ಲ.”

ಹಾವೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ದೀಪ ಮಾತ್ರವಲ್ಲ, ಫೋನನ್ನೂ ಹಚ್ಚುತ್ತಾರೆ, ಅಂದರೆ ಕರೆ ಮಾಡುತ್ತಾರೆ. ನನ್ನ ತಾಯಿ ತೀರಿಕೊಂಡ ಸಂಜೆ ನಾನು ಇದೇ ಕೋಣೆಯಲ್ಲಿ ಯಾರದೋ ಕಷ್ಟ ಕೇಳುತ್ತಾ ಕೂತಿದ್ದೆ, ಫೋನಿನ ಸದ್ದು ನಿಲ್ಲಿಸಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೆ. ಹೊರಗೆ ತೆಗೆದು ನೋಡಿದಾಗ ತಾಯಿಯ ಎರಡು ಕರೆ ಇದ್ದವು. ತಿರುಗಿ ಮಾಡಿದಾಗ ಎತ್ತಿದ್ದು ಪಕ್ಕದ ಮನೆಯವರು. ಈ ಎರಡು ಕರೆಯ ವಿಷಯ ನನ್ನ ಅಣ್ಣನಿಗೂ ಹೇಳಿಲ್ಲ.

ನನ್ನ ಮನಸ್ಸಿನಲ್ಲಿದ್ದದ್ದೇ ನನ್ನ ಬಾಯಿಗೆ ಬಂದಿತು ಎನ್ನಬಹುದು. ಹಾಗೇ ಇರಬೇಕು. ಆದರೆ ಈ ಮಾತು ನನ್ನ ಒಳಗಿನದಾದರೆ, ಅದೇ ಹೊತ್ತಿನಲ್ಲಿ, ಅದೇ ಬಾಯಿಂದ ಬಂದ ರೂಪಳ ಮಾತು ಯಾರ ಒಳಗಿನದು? ಅದು ರೂಪಳದೇ ಆದರೆ, ಇದನ್ನು ನನ್ನದೆಂದು ಹೇಗೆ ಹೇಳಲಿ? ಅಲ್ಲಿಂದ ಮುಂದೆ ನನ್ನ ಓದು ಹೋಗುವುದಿಲ್ಲ. ಇಷ್ಟು ಕೇಳಿದ ಮೇಲಾದರೂ ಅಳು ಬರಬೇಕಿತ್ತು. ಬರಲಿಲ್ಲ. ಕಿಟಕಿಯ ಆಚೆ ಮಾತ್ರೆಗೆ ನಿಂತವರು ಸಾಲು ಸರಿಯಿಲ್ಲವೆಂದು ಜಗಳವಾಡುತ್ತಿದ್ದರು, ಅದನ್ನು ಕೇಳುತ್ತಾ ಕೂತಿದ್ದೆ.

ಪುಟ್ಟಲಕ್ಷ್ಮಮ್ಮ ಬಾಗಿಲವರೆಗೆ ಹೋಗಿ ತಿರುಗಿ ನನ್ನನ್ನು ನೋಡಿದರು.

“ಯಾರವ್ವ ಅದು?” ಎಂದರು.

ಗೊತ್ತಿಲ್ಲ ಎಂದೆ. ಆಗ ನಾನು ಹೇಳಿದ್ದು ಸುಳ್ಳೋ ನಿಜವೋ, ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.